ಹೊಟ್ಟೆಗಿಂತ ಶ್ವಾಸಕೋಶದ ಚಿಂತೆ

ಪ್ರಶ್ನೆ: ಪೇಂಟರ್ ನೀರಿನ ಬಾಟಲಿಯಲ್ಲಿಟ್ಟಿದ್ದ ಟರ್ಪೆಂಟೈನನ್ನು ನಮ್ಮ ಎರಡು ವರ್ಷದ ಮಗಳು ಬಾಯಿಗೆ ಸುರಿದುಕೊಂಡಳು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದರು ಅತ್ತೆ, ನಾವು ಮಾಡಲಿಲ್ಲ. ಆಸ್ಪತ್ರೆಯಲ್ಲೂ ಹೊಟ್ಟೆ ತೊಳೆಯದೆ, ಎಂಟು ಗಂಟೆ ಇರಿಸಿಕೊಂಡು ಕಳಿಸಿದರು. ಇಷ್ಟೇ ಸಾಕೇ?
— ಓದುಗರು, ದಾವಣಗೆರೆ

ಉತ್ತರ: ಸಾಕು. ಉಪ್ಪುನೀರು ಕುಡಿಸದಿದ್ದುದು ಒಳ್ಳೆಯದೇ ಆಯಿತು. ಬಣ್ಣಕ್ಕೆ ಬೆರೆಸುವ ಮಿನರಲ್ ಟರ್ಪೆಂಟೈನ್ ಸೀಮೆಎಣ್ಣೆಯ ಹತ್ತಿರದ ನೆಂಟ. ನೀರಿಗಿಂತ ಸುಲಭವಾಗಿ ಹರಡುತ್ತದೆ. ನುಂಗುವಾಗ ಒಂದಿಷ್ಟು ಗಂಟಲಲ್ಲಿ ದಾರಿ ತಪ್ಪಿ ಶ್ವಾಸನಾಳಕ್ಕಿಳಿದರೆ ಸಾಕು, ಶ್ವಾಸಕೋಶದ ಒಳಪದರವನ್ನು ಸುಟ್ಟಂತೆ ಮಾಡಿ ನ್ಯುಮೋನಿಯಾ ತರುತ್ತದೆ. ಈ ವಯಸ್ಸಿನ ಮಗುವಿನ ಒಂದು ಗುಟುಕು ಸುಮಾರು 5 ಮಿ.ಲೀ.; ಶ್ವಾಸಕೋಶ ಕೆಡಲು ಅಷ್ಟೂ ಬೇಕಿಲ್ಲ. ವಾಂತಿ ಮಾಡಿಸಿದರೆ ಅದೇ ದ್ರವ ಗಂಟಲನ್ನು ಎರಡನೇ ಸಲ ದಾಟುತ್ತದೆ. ಹೊಟ್ಟೆ ತೊಳೆಯದಿರುವುದಕ್ಕೂ ಇದೇ ಕಾರಣ. ವಿಷ ಹೀರಲೆಂದು ಆಸ್ಪತ್ರೆಯಲ್ಲಿ ಕೊಡುವ ಇದ್ದಿಲಿನ ಪುಡಿ ಇಂಥ ದ್ರವವನ್ನು ಸರಿಯಾಗಿ ಹೀರುವುದಿಲ್ಲ. ಹಾಲು, ತುಪ್ಪ, ಮಜ್ಜಿಗೆ ಬೇಡವೇ ಬೇಡ, ಹೊಟ್ಟೆ ತುಂಬಿದಷ್ಟೂ ವಾಂತಿ ಹತ್ತಿರ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು: ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ. ದ್ರವ ಚೆಲ್ಲಿದ ಉಡುಪು ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಒಲೆ, ದೀಪದ ಹತ್ತಿರ ಮಾತ್ರ ಬೇಡ. ತಾನಾಗಿಯೇ ವಾಂತಿಯಾದರೆ ಎಡಮಗ್ಗುಲಿಗೆ ಮಲಗಿಸಿ. ಆಸ್ಪತ್ರೆಗೆ ಹೋಗುವಾಗ ಬಾಟಲಿಯನ್ನೂ ಮೂಲ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಬಣ್ಣ ತೆಳುವಾಗಿಸುವ ಕೆಲವು ಥಿನ್ನರ್‌ಗಳಲ್ಲಿ ಟಾಲ್ವೀನ್, ಮೆಥನಾಲ್ ಎಂಬ ಬೇರೆ ವಿಷಗಳಿರುತ್ತವೆ, ಮೆಥನಾಲ್‌ಗೆ ಚಿಕಿತ್ಸೆಯೇ ಬೇರೆ. ಡಬ್ಬಿಯ ಮೇಲಿನ ಚೀಟಿ ನೋಡದೆ ವೈದ್ಯರೂ ಊಹಿಸಬೇಕಾಗುತ್ತದೆ.

ಕುಡಿದ ತಕ್ಷಣ ಕೆಮ್ಮಿ ಉಸಿರುಗಟ್ಟಿದ್ದರೆ ದ್ರವ ಶ್ವಾಸಕೋಶಕ್ಕೆ ಹೋಗಿರುವ ಸಂಭವ ಹೆಚ್ಚು. ಹಾಗಾಗದ ಮಗುವನ್ನೂ 6ರಿಂದ 8 ಗಂಟೆ ನೋಡಿಕೊಳ್ಳಬೇಕು. ಮೊದಲ ಎಕ್ಸ್‌ರೇ ಸರಿಯಿದ್ದರೂ ಬದಲಾವಣೆ ತಡವಾಗಿ ಕಾಣಬಹುದು. ಮನೆಗೆ ಬಂದ ಮೇಲೆ ಅಂಗಿ ಎತ್ತಿ, ಮಲಗಿರುವಾಗ ಒಂದು ನಿಮಿಷ ಉಸಿರು ಎಣಿಸಿ. ನಿಮಿಷಕ್ಕೆ 40 ಅಥವಾ ಹೆಚ್ಚಾಗಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಜ್ವರ ಬಂದರೆ, ಮಗು ಮಂಕಾದರೆ ಮತ್ತೆ ಆಸ್ಪತ್ರೆಗೆ ಹೋಗಿ. ತುರ್ತಿಗೆ 108.

ಪ್ರಶ್ನೆ: ಥಿನ್ನರ್ ಎಲ್ಲಿಡಬೇಕು?

ಉತ್ತರ: ಕೊಂಡ ಡಬ್ಬಿಯಲ್ಲೇ, ಬೀಗವಿರುವ ಕಪಾಟಿನಲ್ಲಿ. ಪೇಂಟರ್‌ಗೆ ಮೊದಲ ದಿನವೇ ಹೇಳಿ: ನೀರಿನ ಬಾಟಲಿಗೆ ಸುರಿಯಬೇಡಪ್ಪ. ಬ್ರಷ್ ಅದ್ದಿಟ್ಟ ಲೋಟವೂ ಸಂಜೆ ಮರೆತುಹೋಗುತ್ತದೆ, ಅದನ್ನೂ ಎತ್ತಿಡಿ.