ಡೌನ್‌ಟೌನ್ ಮೋಟೆಲನ್ನು ಸಿಟಿ ಕೊಂಡರೆ ವಿರೋಧಿಸಬೇಕೆ?

ಪ್ರಶ್ನೆ: ನಮ್ಮ ಡೌನ್‌ಟೌನ್‌ನಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿವೆ. ಅದಕ್ಕೆ ಮತ್ತೆ ಕಳೆ ತರುತ್ತೇವೆ ಎನ್ನುತ್ತಿದ್ದ ಸಿಟಿಯವರೇ ಈಗ ಅಲ್ಲಿನ ಹಳೇ ಮೋಟೆಲೊಂದನ್ನು ಕೊಂಡು, ಬೀದಿಯಲ್ಲಿ ಮಲಗುವವರಿಗೆ ಮನೆ ಮಾಡಲು ಹೊರಟಿದ್ದಾರೆ. ಅಕ್ಕಪಕ್ಕದವರು ವಿರೋಧ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಲೇ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಕೊಂಡ ಮೇಲೆ ಅದನ್ನು ನಡೆಸುವ ಖರ್ಚು ಯಾರದು ಎಂದು ಮೊದಲು ಕೇಳಿ. ಜಗಳವೆಲ್ಲ ಬೆಲೆಯ ಸುತ್ತ ನಡೆಯುತ್ತದೆ. ಆದರೆ ಆ ದುಡ್ಡಿನಲ್ಲಿ ದೊಡ್ಡ ಪಾಲು ಹೊರಗಿನಿಂದ ಬರುವುದುಂಟು. ಕೋವಿಡ್ ಹೊತ್ತಿನಲ್ಲಿ, 2020ರಲ್ಲಿ, ರಾಜ್ಯ ಸರ್ಕಾರ ‘ಹೋಮ್‌ಕೀ’ ಯೋಜನೆಯಡಿ ಹೋಟೆಲ್, ಮೋಟೆಲ್ ಕೊಳ್ಳಲು ಊರುಗಳಿಗೆ ಅನುದಾನ ಕೊಟ್ಟಿತು. ಈಗಿನ ‘ಹೋಮ್‌ಕೀ ಪ್ಲಸ್’ಗೆ ಹಣ ಬರುತ್ತಿರುವುದು 2024ರ ಮಾರ್ಚಿನಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 1 (ಜನರ ಮತಕ್ಕೆ ಬಿಟ್ಟ ಪ್ರಸ್ತಾವ) ಮೂಲಕ ರಾಜ್ಯ ಎತ್ತುವ 638 ಕೋಟಿ ಡಾಲರ್ ಸಾಲದ ಬಾಂಡ್‌ನಿಂದ. ಇದು ಮಾನಸಿಕ ಕಾಯಿಲೆ, ವ್ಯಸನಗಳಿಂದ ಬಳಲುವವರಿಗಾಗಿ ಇರುವ ಯೋಜನೆ. ಅಂಥವರಿಗೆ ಬರೀ ಕೋಣೆಯ ಬೀಗದ ಕೈ ಕೊಟ್ಟರೆ ಸಾಲದು. ಅವರ ಚಿಕಿತ್ಸೆ, ನೆರವು ನೋಡಿಕೊಳ್ಳುವ ಕೇಸ್ ವರ್ಕರ್ ಬೇಕು, ರಾತ್ರಿ ಕಾವಲು ಬೇಕು, ಸೋರುವ ಪೈಪ್ ರಿಪೇರಿಯಾಗಬೇಕು. ನಡೆಸುವ ಖರ್ಚಿಗೆ ಅನುದಾನದ ಆಸರೆ ಕೆಲವೇ ವರ್ಷ. ಆಮೇಲೆ ಅದು ನಿಂತರೆ ಕಟ್ಟಡ ಹದಗೆಡುತ್ತದೆ, ಅಂಗಡಿಯವರ ಭಯ ನಿಜವಾಗುತ್ತದೆ.

ವಿರೋಧಿಸುವವರ ತೆರಿಗೆಯ ಮಾತಿನಲ್ಲಿ ಹುರುಳಿದೆ. ಸಿಟಿಯ ಆಸ್ತಿಗೆ ಪ್ರಾಪರ್ಟಿ ಟ್ಯಾಕ್ಸ್ ಇಲ್ಲ, ತಂಗುವವರು ಕೊಡುತ್ತಿದ್ದ ಹೋಟೆಲ್ ತೆರಿಗೆಯೂ ಹೋಗುತ್ತದೆ. ಆದರೆ 1978ರ ಪ್ರಾಪೊಸಿಷನ್ 13ರಿಂದಾಗಿ ಮೂಲ ತೆರಿಗೆ ಆಸ್ತಿಯ ಮೌಲ್ಯದ ಶೇ 1 ಮೀರುವಂತಿಲ್ಲ, ಆಸ್ತಿ ಕೈ ಬದಲಾಗುವವರೆಗೆ ತೆರಿಗೆ ಲೆಕ್ಕದ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ದಶಕಗಳಿಂದ ಕೈ ಬದಲಾಗದ ಮೋಟೆಲ್ ಕಟ್ಟುತ್ತಿದ್ದ ತೆರಿಗೆ ಅಷ್ಟಕ್ಕಷ್ಟೇ.

‘ಪೊಲೀಸರಿಂದ ಎಬ್ಬಿಸಿದರೆ ಸಾಲದೇ’ ಎನ್ನುವವರೂ ಇರುತ್ತಾರೆ. 2024ರ ಜೂನ್‌ನಲ್ಲಿ ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ತೀರ್ಪಿನಲ್ಲಿ, ಆಶ್ರಯತಾಣದಲ್ಲಿ ಜಾಗವಿಲ್ಲದಿದ್ದರೂ ಬೀದಿಯಲ್ಲಿ ಮಲಗಿದವರಿಗೆ ದಂಡ ಹಾಕಬಹುದು ಎಂದಿದೆ. ದಂಡ ಕಟ್ಟಲಾಗದವರು ಎದ್ದು ಪಕ್ಕದ ಬೀದಿಗೆ ಹೋಗುತ್ತಾರೆ, ಅಷ್ಟೇ. ಅಂದಹಾಗೆ, ಮಧ್ಯಾಹ್ನದ ಊಟಕ್ಕೆ ಡೌನ್‌ಟೌನಿಗೆ ಇಳಿಯುತ್ತಿದ್ದ ನಮ್ಮ ಟೆಕ್ಕಿಗಳು ಈಗ ಮನೆಯಲ್ಲೇ ಕೂತು ಕೆಲಸ ಮಾಡುತ್ತಿರುವುದೂ ಅಂಗಡಿಗಳಿಗೆ ಬಿದ್ದ ಪೆಟ್ಟೇ. ಅದರ ಬಗ್ಗೆ ಯಾರೂ ಪತ್ರ ಹಿಡಿದು ಮನೆ ಬಾಗಿಲಿಗೆ ಬರುವುದಿಲ್ಲ.

ಸ್ಥಳೀಯ ಆಡಳಿತದ ಸಭೆಗಳು ಜನರೆದುರೇ ನಡೆಯಬೇಕೆನ್ನುವ ರಾಜ್ಯದ ಕಾಯ್ದೆ ಬ್ರೌನ್ ಆ್ಯಕ್ಟ್ ಪ್ರಕಾರ ಸಿಟಿ ಕೌನ್ಸಿಲ್‌ನ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮೊದಲೇ ಪ್ರಕಟವಾಗಬೇಕು. ಬೆಲೆಯ ಚೌಕಾಸಿ ಮುಚ್ಚಿದ ಬಾಗಿಲ ಹಿಂದೆ ನಡೆಯಬಹುದು, ಆದರೆ ಸಭೆಯಲ್ಲಿ ನಿಮಗೆ ಮಾತಾಡುವ ಹಕ್ಕಿದೆ. ಹೋಗಿ ನಿರ್ವಹಣೆಯ ಬಜೆಟ್ ಕೇಳಿ. ಅನುದಾನ ಮುಗಿದ ಮೇಲಿನ ವರ್ಷಗಳ ಲೆಕ್ಕ ತೋರಿಸಿದರೆ ಸಹಿ ಹಾಕಬೇಡಿ. ತೋರಿಸದಿದ್ದರೂ ಆ ಪತ್ರ ಬೇಡ. ಲೆಕ್ಕ ಕೊಡಿ ಎಂದು ನಿಮ್ಮದೇ ಪತ್ರ ಬರೆಯಿರಿ.