ಆರೋಗ್ಯ ಪ್ರಶ್ನೋತ್ತರ: ಕೊಯ್ದು ತೆಗೆಯಲಾಗದ ಲಿವರ್ ಕ್ಯಾನ್ಸರ್‌ಗೆ ಜೋಡಿ ಚಿಕಿತ್ಸೆ

ಪ್ರಶ್ನೆ: ನನ್ನ ತಂದೆಗೆ 63 ವರ್ಷ. ಕಳೆದ ಕೊನೆಕೊಯ್ಲಿನವರೆಗೂ ಅಡಿಕೆ ತೋಟದಲ್ಲಿ ಓಡಾಡಿಕೊಂಡಿದ್ದವರು. ಬಲಪಕ್ಕೆ ನೋವೆಂದು ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನ ಎರಡೂ ಭಾಗಗಳಲ್ಲಿ ಸೇರಿ ಮೂರು ಗಡ್ಡೆ ಕಂಡವು. ದೊಡ್ಡದು 6 ಸೆಂ.ಮೀ. ಹೆಪಟೈಟಿಸ್ ಬಿ ಇರುವುದೂ ಆಗಲೇ ತಿಳಿಯಿತು. ಬೆಂಗಳೂರಿನ ವೈದ್ಯರು ಆಪರೇಷನ್ ಆಗದು, ‘ಟೇಸ್’ ಮಾಡಿ ಜೊತೆಗೆ ಇಮ್ಯುನೋಥೆರಪಿ ಕೊಡೋಣ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹೇರಿದರೆ ದೇಹ ತಡೆಯದು, ಒಂದು ಮುಗಿದ ಮೇಲೆ ಇನ್ನೊಂದು ನೋಡಿದರಾಯಿತು ಎಂಬುದು ನಮ್ಮ ಮಾವನವರ ಮಾತು. ಯಾವುದು ಸರಿ? ವರದಿಗಳ ಪ್ರತಿ ಇಟ್ಟಿದ್ದೇನೆ.
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮಾವನವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ವೈದ್ಯರು ನಡೆಸಿಕೊಂಡು ಬಂದ ಕ್ರಮವೂ ಅದೇ ಆಗಿತ್ತು. ಆ ಕ್ರಮ ಏಕೆ ಬದಲಾಗುತ್ತಿದೆ, ಎಷ್ಟು ಬದಲಾಗಿದೆ ಎಂಬುದನ್ನು ತಿಳಿಯಲು ಮೊದಲು ಟೇಸ್ ಎಂದರೇನೆಂದು ನೋಡೋಣ.

ತೋಟಕ್ಕೆ ಎರಡು ಕಾಲುವೆಗಳಿಂದ ನೀರು ಬರುವ ಹಾಗೆ ಲಿವರಿಗೆ ಎರಡು ದಾರಿಗಳಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದು, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಬರುವ ಅಪಧಮನಿಯದ್ದು. ಆದರೆ ಕ್ಯಾನ್ಸರ್ ಗಡ್ಡೆ ತನ್ನ ರಕ್ತವನ್ನು ಬಹುಪಾಲು ಅಪಧಮನಿಯಿಂದಲೇ ಎಳೆದುಕೊಳ್ಳುತ್ತದೆ. ಈ ವ್ಯತ್ಯಾಸವೇ ಟೇಸ್‌ಗೆ ಆಧಾರ. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಸಪೂರ ಕೊಳವೆಯೊಂದನ್ನು ಗಡ್ಡೆಯ ಬಾಗಿಲಿನವರೆಗೂ ಒಯ್ದು, ಅಲ್ಲಿಗೆ ಮಾತ್ರ ಕೀಮೋ ಔಷಧ ಸುರಿದು, ಹಿಂದೆಯೇ ಆ ಕವಲನ್ನು ಮುಚ್ಚಿಬಿಡುತ್ತಾರೆ. ಗಡ್ಡೆಗೆ ರಕ್ತ ನಿಲ್ಲುತ್ತದೆ, ಔಷಧ ಒಳಗೇ ಉಳಿಯುತ್ತದೆ, ಸುತ್ತಲಿನ ಲಿವರ್ ಪೋರ್ಟಲ್ ರಕ್ತದ ಬಲದಿಂದ ಬದುಕಿಕೊಳ್ಳುತ್ತದೆ.

ಇದರ ಮಿತಿಯೂ ಸ್ಪಷ್ಟವೇ. ಗಡ್ಡೆ ದೊಡ್ಡದಿದ್ದಷ್ಟೂ ಅಂಚಿನಲ್ಲಿ ಒಂದಿಷ್ಟು ಜೀವ ಉಳಿಯುತ್ತದೆ. ಸ್ಕ್ಯಾನಿಗೆ ಕಾಣದ ಕಣಗಳು ಬೇರೆಡೆ ಇದ್ದರೆ ಅವುಗಳನ್ನು ಟೇಸ್ ಮುಟ್ಟುವುದೇ ಇಲ್ಲ. ರಕ್ತ ನಿಂತ ಗಡ್ಡೆ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳಲು ಸಂಕೇತಗಳನ್ನು ಹೊರಡಿಸುತ್ತದೆ. ಹಾಗೆಂದು ಟೇಸ್ ಅನ್ನು ಮತ್ತೆ ಮತ್ತೆ ಮಾಡುತ್ತ ಹೋದರೆ ಸವೆಯುವುದು ಒಳ್ಳೆಯ ಲಿವರ್. ಇಮ್ಯುನೋಥೆರಪಿ ಒದಗಿಬರುವುದು ಈ ಕೊರತೆಗಳಿಗೆ. ನಮ್ಮ ರಕ್ಷಣಾ ಕಣಗಳಿಗೆ ಕ್ಯಾನ್ಸರ್ ಹಾಕಿರುವ ತಡೆಯನ್ನು ಈ ಔಷಧಗಳು ತೆಗೆಯುತ್ತವೆ. ಆ ತಡೆಯ ಗುಟ್ಟನ್ನು ಬಿಡಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದಿತು. ಟೇಸ್‌ನಿಂದ ಸತ್ತ ಗಡ್ಡೆಯ ಚೂರುಗಳು ರಕ್ಷಣಾ ಕಣಗಳಿಗೆ ಶತ್ರುವಿನ ಗುರುತು ತೋರಿಸುತ್ತವೆ, ಅದೇ ಹೊತ್ತಿಗೆ ತಡೆಯೂ ತೆಗೆದಿದ್ದರೆ ಹೋರಾಟ ಚುರುಕಾಗುತ್ತದೆ ಎಂಬುದು ಎರಡನ್ನೂ ಜೋಡಿಸುವುದರ ಹಿಂದಿನ ತರ್ಕ.

ತರ್ಕ ಎಷ್ಟೇ ಚೆನ್ನಾಗಿದ್ದರೂ ರೋಗಿಗಳಲ್ಲಿ ಪರೀಕ್ಷೆಯಾಗಬೇಕಲ್ಲವೇ? ಎಮರಾಲ್ಡ್-1 ಎಂಬ ಅಧ್ಯಯನದಲ್ಲಿ 616 ರೋಗಿಗಳಿದ್ದರು. ಟೇಸ್ ಮಾತ್ರ ಪಡೆದವರಲ್ಲಿ ರೋಗ ಮತ್ತೆ ಮುಂದುವರಿಯಲು ಸರಾಸರಿಯಾಗಿ 8.2 ತಿಂಗಳು ಹಿಡಿದರೆ, ಟೇಸ್ ಜೊತೆ ಡುರ್ವಾಲುಮಾಬ್ ಎಂಬ ಇಮ್ಯುನೋಥೆರಪಿ ಔಷಧ ಮತ್ತು ಬೆವಾಸಿಜುಮಾಬ್ ಎರಡನ್ನೂ ಪಡೆದವರಲ್ಲಿ 15 ತಿಂಗಳು ಹಿಡಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ಹೊಸ ರಕ್ತನಾಳಗಳನ್ನು ತಡೆಯುವ ಬೆವಾಸಿಜುಮಾಬ್ ಇಲ್ಲದೆ ಡುರ್ವಾಲುಮಾಬ್ ಒಂದನ್ನೇ ಟೇಸ್ ಜೊತೆ ಕೊಟ್ಟ ಗುಂಪಿನಲ್ಲಿ ಖಚಿತವಾದ ಲಾಭ ಕಾಣಲಿಲ್ಲ. ಲೀಪ್-012 ಎಂಬ ಇನ್ನೊಂದು ಅಧ್ಯಯನದ 480 ರೋಗಿಗಳಲ್ಲಿ, ಟೇಸ್ ಜೊತೆ ಲೆನ್ವಾಟಿನಿಬ್ ಮಾತ್ರೆಯನ್ನೂ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನೂ ಸೇರಿಸಿದಾಗ ಈ ಅವಧಿ 10ರಿಂದ 14.6 ತಿಂಗಳಿಗೆ ಏರಿತು. ಆದರೆ ಔಷಧಕ್ಕೆ ಸಂಬಂಧಿಸಿದ ತೀವ್ರ ತೊಂದರೆಗಳು ಜೋಡಿ ಚಿಕಿತ್ಸೆಯವರಲ್ಲಿ ನೂರಕ್ಕೆ 71 ಮಂದಿಗೂ ಟೇಸ್ ಮಾತ್ರ ಪಡೆದವರಲ್ಲಿ 32 ಮಂದಿಗೂ ಬಂದವು.

ಈ ತಿಂಗಳುಗಳನ್ನು ಆಯುಸ್ಸು ಎಂದು ಓದಿಕೊಳ್ಳಬೇಡಿ. ಇವು ರೋಗವನ್ನು ಹತೋಟಿಯಲ್ಲಿಟ್ಟ ಅವಧಿಗಳು. ಜೋಡಿ ಚಿಕಿತ್ಸೆಯಿಂದ ಒಟ್ಟು ಬದುಕಿನ ಅವಧಿ ಖಚಿತವಾಗಿ ಹೆಚ್ಚುತ್ತದೆ ಎಂಬುದನ್ನು ಈ ಎರಡು ಅಧ್ಯಯನಗಳ ಪ್ರಕಟಿತ ಫಲಿತಾಂಶಗಳು ಸಾಧಿಸಿ ತೋರಿಸಿರಲಿಲ್ಲ. ಆದ್ದರಿಂದ ಯಾರಾದರೂ ಇದನ್ನು ‘ಕೊಡಲೇಬೇಕಾದ ಚಿಕಿತ್ಸೆ’ ಎಂದರೆ ನಾನು ಒಪ್ಪುವುದಿಲ್ಲ. ‘ಆಯ್ದ ರೋಗಿಗಳಿಗೆ ಯೋಚಿಸಬಹುದಾದ ಚಿಕಿತ್ಸೆ’ ಎಂದರೆ ಒಪ್ಪುತ್ತೇನೆ.

ನಿಮ್ಮ ತಂದೆಯವರು ಆ ಆಯ್ಕೆಯೊಳಗೆ ಬರುತ್ತಾರೆಯೇ? ನೀವು ಕಳಿಸಿದ ವರದಿಯಲ್ಲಿ ಬಿಲಿರುಬಿನ್ 1.1, ಆಲ್ಬುಮಿನ್ 3.8, ಐಎನ್‌ಆರ್ 1.2 ಇವೆ, ಹೊಟ್ಟೆಯಲ್ಲಿ ನೀರಿಲ್ಲ, ಪೋರ್ಟಲ್ ನಾಳಕ್ಕೆ ಗಡ್ಡೆ ನುಗ್ಗಿಲ್ಲ. ಲಿವರಿನ ಶಕ್ತಿಯನ್ನು ಅಳೆಯುವ ಚೈಲ್ಡ್-ಪಗ್ ಲೆಕ್ಕದಲ್ಲಿ ಇದು ‘ಎ’ ದರ್ಜೆ, ಅಂದರೆ ಉಳಿದ ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಇನ್ನೊಂದು ಸರಳ ಲೆಕ್ಕವೂ ಬಳಕೆಯಲ್ಲಿದೆ: ಗಡ್ಡೆಗಳ ಸಂಖ್ಯೆಗೆ ದೊಡ್ಡ ಗಡ್ಡೆಯ ಸೆಂಟಿಮೀಟರ್ ಅಳತೆಯನ್ನು ಕೂಡಿದಾಗ ಮೊತ್ತ ಏಳನ್ನು ದಾಟಿದರೆ ಬರಿಯ ಟೇಸ್‌ನಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ನಿಮ್ಮ ತಂದೆಯವರದು ಮೂರು ಕೂಡಿಸು ಆರು, ಒಂಬತ್ತು. ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೆಂಗಳೂರಿನ ವೈದ್ಯರ ಸಲಹೆ ನನಗೆ ಸಮಂಜಸವಾಗಿಯೇ ಕಾಣುತ್ತದೆ. ಟೇಸ್ ಬಿಟ್ಟು ಔಷಧ ಮಾತ್ರ ಕೊಡುವ ದಾರಿಯೂ ಇದೆ. ಅಟೆಜೋಲಿಜುಮಾಬ್ ಎಂಬ ಇಮ್ಯುನೋಥೆರಪಿ ಔಷಧ ಮತ್ತು ಬೆವಾಸಿಜುಮಾಬ್ ಜೋಡಿ ಮುಂದುವರಿದ ಲಿವರ್ ಕ್ಯಾನ್ಸರಿನಲ್ಲಿ ಹಳೆಯ ಸೊರಾಫೆನಿಬ್ ಮಾತ್ರೆಗಿಂತ ಹೆಚ್ಚು ಕಾಲ ಬದುಕಿಸಿದೆ, 19.2 ತಿಂಗಳು ಮತ್ತು 13.4 ತಿಂಗಳು. ಆ ದಾರಿಯನ್ನು ಏಕೆ ಬಿಟ್ಟಿರಿ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

ಶುರುಮಾಡುವ ಮೊದಲು ಎರಡು ಕೆಲಸ ಆಗಿರಬೇಕು. ಹೆಪಟೈಟಿಸ್ ಬಿ ವೈರಸ್ಸನ್ನು ಹದ್ದಿನಲ್ಲಿಡುವ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆ ಮೊದಲೇ ಆರಂಭವಾಗಿರಬೇಕು. ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಅದನ್ನು ಒಂದು ದಿನವೂ ಬಿಡಬಾರದು, ಬಿಟ್ಟರೆ ವೈರಸ್ ಭುಗಿಲೆದ್ದು ಲಿವರನ್ನೇ ಕೆಡಿಸಬಹುದು. ಬೆವಾಸಿಜುಮಾಬ್ ಕೊಡುವುದಿದ್ದರೆ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ಎಂಡೋಸ್ಕೋಪಿಯಲ್ಲಿ ನೋಡಿರಬೇಕು, ಏಕೆಂದರೆ ಆ ಔಷಧಕ್ಕೆ ರಕ್ತಸ್ರಾವದ ಅಪಾಯವಿದೆ. ನೀವು ಕಳಿಸಿದ ಹನ್ನೊಂದು ಹಾಳೆಗಳಲ್ಲಿ ಎಂಡೋಸ್ಕೋಪಿ ವರದಿ ನನಗೆ ಸಿಗಲಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ ಟೇಸ್ ಆದ ಮೇಲೆ ನಾಲ್ಕು ದಿನ ಜ್ವರವಿತ್ತು, ತಾನಾಗಿ ಇಳಿಯಿತು. ಈಗ ಇಮ್ಯುನೋಥೆರಪಿಯ ಮೂರನೇ ಡೋಸ್ ಆಗಿದೆ. ಎರಡು ದಿನದಿಂದ ದಿನಕ್ಕೆ ಆರೇಳು ಬಾರಿ ಭೇದಿ. ದಾಳಿಂಬೆ ಸಿಪ್ಪೆಯ ತಂಬುಳಿ ಕೊಡುತ್ತಿದ್ದೇವೆ. ಸಾಕಾಗುತ್ತದೆಯೇ?
— ಓದುಗರು, ಸಾಗರ

ಉತ್ತರ: ಈ ಪತ್ರ ಅಚ್ಚಾಗುವವರೆಗೆ ಕಾಯುವಂಥದ್ದಲ್ಲವಾದ್ದರಿಂದ ಇವರಿಗೆ ಅಂದೇ ಫೋನಿನಲ್ಲಿ ಉತ್ತರ ತಿಳಿಸಲಾಗಿದೆ, ಉಳಿದವರಿಗೂ ಬೇಕಾದ ವಿಷಯವೆಂದು ಇಲ್ಲಿ ಪ್ರಕಟಿಸುತ್ತಿದ್ದೇವೆ. ಟೇಸ್ ನಂತರದ ಜ್ವರ, ಬಲಪಕ್ಕೆ ನೋವು, ವಾಂತಿ ಸಾಮಾನ್ಯ. ಗಡ್ಡೆ ಸಾಯುವಾಗ ಹೀಗಾಗುತ್ತದೆ, ಕೆಲವು ದಿನಗಳಲ್ಲಿ ತಗ್ಗುತ್ತದೆ. ನಡುಕದ ಜ್ವರ ವಾರ ಕಳೆದರೂ ಬಿಡದಿದ್ದರೆ, ಕಣ್ಣು ಹಳದಿಯಾದರೆ, ರೋಗಿ ಮಂಪರಾಗಿ ಮಾತು ತಪ್ಪಿದರೆ ಮಾತ್ರ ಅದು ಬೇರೆ ಕಥೆ.

ಇಮ್ಯುನೋಥೆರಪಿ ನಡೆಯುವಾಗಿನ ಭೇದಿಯನ್ನು ಊಟದ ವ್ಯತ್ಯಾಸವೆಂದು ತಿಳಿಯಬಾರದು. ತಡೆ ತೆಗೆದ ರಕ್ಷಣಾ ಕಣಗಳು ಕೆಲವೊಮ್ಮೆ ಸ್ವಂತ ಕರುಳಿನ ಮೇಲೆ, ಶ್ವಾಸಕೋಶದ ಮೇಲೆ, ಥೈರಾಯ್ಡ್ ಮೇಲೆ, ಲಿವರಿನ ಮೇಲೆಯೇ ತಿರುಗಿಬೀಳುತ್ತವೆ. ಕರುಳು ಉರಿದು ಬರುವ ಈ ಭೇದಿಗೆ ಔಷಧ ಸ್ಟೆರಾಯ್ಡ್. ಬೇಗ ಕೊಟ್ಟಷ್ಟೂ ಬೇಗ ಹತೋಟಿಗೆ ಬರುತ್ತದೆ. ತಂಬುಳಿಯಿಂದ ಹಾನಿಯಿಲ್ಲ, ಆದರೆ ಅದನ್ನು ನೆಚ್ಚಿ ಕಳೆದ ಎರಡು ದಿನಗಳಿಂದ ಹಾನಿಯಿದೆ. ಹೊಸದಾಗಿ ಬಂದ ಒಣಕೆಮ್ಮು, ಏದುಸಿರು, ಕಾರಣವಿಲ್ಲದ ಸುಸ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಈ ಲಕ್ಷಣಗಳು ಚಿಕಿತ್ಸೆ ನಿಲ್ಲಿಸಿದ ಕೆಲವು ತಿಂಗಳ ಮೇಲೂ ಕಾಣಿಸಿಕೊಳ್ಳಬಹುದಾದ್ದರಿಂದ, ಊರಿನ ಯಾವ ವೈದ್ಯರ ಬಳಿ ಹೋದರೂ ಇಮ್ಯುನೋಥೆರಪಿ ಆಗಿದೆ ಎಂಬುದನ್ನು ಮೊದಲು ಹೇಳಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಸಾಗರದಿಂದ ಶಿವಮೊಗ್ಗಕ್ಕೆ ಬರುವುದೇ ಕಷ್ಟ. ಬೆಂಗಳೂರಿನ ಆಸ್ಪತ್ರೆಯ ಫೋನ್ ನಂಬರ್, ಔಷಧದ ಹೆಸರು, ಕೊನೆಯ ಡೋಸಿನ ತಾರೀಕು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರೋಗಿಯ ಬಳಿ ಇಡಿ.

ಪ್ರಶ್ನೆ: ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ನಾಟಿ ಔಷಧಿ, ಅಮೃತಬಳ್ಳಿ ಕಷಾಯ ಕೊಡಬಹುದೇ?
— ಓದುಗರು, ಹೊಸನಗರ

ಉತ್ತರ: ಬೇಡ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ರೋಗಿಗಳ ವಿವರಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದ್ದಾರೆ. ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಚಿಕಿತ್ಸೆಯ ನಡುವೆ ರಕ್ತಪರೀಕ್ಷೆಯಲ್ಲಿ ಲಿವರಿನ ಕಿಣ್ವಗಳು ಏರಿದರೆ ಅದು ಇಮ್ಯುನೋಥೆರಪಿಯಿಂದಲೋ, ಟೇಸ್‌ನಿಂದಲೋ, ಕಷಾಯದಿಂದಲೋ ಎಂದು ಬಿಡಿಸಲಾಗದೆ ವೈದ್ಯರು ಉಪಯೋಗವಾಗುತ್ತಿದ್ದ ಔಷಧವನ್ನೇ ನಿಲ್ಲಿಸಬೇಕಾಗಿ ಬರಬಹುದು. ಈಗಾಗಲೇ ಕೊಟ್ಟಿದ್ದರೆ ಬೈಸಿಕೊಳ್ಳುವ ಭಯದಿಂದ ಮುಚ್ಚಿಡಬೇಡಿ. ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಬೇಡ.

ಪ್ರಶ್ನೆ: ಇಷ್ಟು ದುಬಾರಿ ಔಷಧಕ್ಕೆ ಕಾರ್ಡಿನಲ್ಲಿ ಹಣ ಸಿಗುತ್ತದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ಯೋಜನೆ ಹಣ ಕೊಡುವುದು ಪಟ್ಟಿಯಲ್ಲಿರುವ ಪ್ಯಾಕೇಜುಗಳಿಗೆ. ಟೇಸ್ ಮತ್ತು ಇಮ್ಯುನೋಥೆರಪಿಯ ಬಗ್ಗೆ ಬೇರೆ ಬೇರೆಯಾಗಿಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರಲ್ಲಿ ವಿಚಾರಿಸಿ, ಮೊದಲ ಡೋಸಿಗೆ ಮುನ್ನ ಒಪ್ಪಿಗೆ ಪಡೆಯಿರಿ. ಮೂರು ಡೋಸಿಗೆ ತೋಟ ಅಡವಿಟ್ಟು ನಾಲ್ಕನೆಯದಕ್ಕೆ ಕೈ ಬರಿದಾಗುವ ಸ್ಥಿತಿ ಕಂಡರೆ ಅದನ್ನು ವೈದ್ಯರಿಗೆ ಆರಂಭದಲ್ಲೇ ಹೇಳಿಬಿಡಿ. ಟೇಸ್ ಮಾತ್ರ ಮಾಡಿಸುವುದೂ ಮಾತ್ರೆಯ ಮೇಲೆ ಇರುವುದೂ ಚಿಕಿತ್ಸೆಗಳೇ.

ಪ್ರಶ್ನೆ: ತಂದೆಗೆ ಹೆಪಟೈಟಿಸ್ ಬಿ ಇದ್ದರೆ ಮನೆಯ ಉಳಿದವರು ಏನು ಮಾಡಬೇಕು?
— ಓದುಗರು, ಭದ್ರಾವತಿ

ಉತ್ತರ: ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಲ್ಲದವರಿಗೆ ಮತ್ತು ಹಿಂದೆ ಲಸಿಕೆ ಆಗದವರಿಗೆ ಮೂರು ಡೋಸ್ ಲಸಿಕೆ: ಮೊದಲನೆಯದು ಈಗ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಸೋಂಕು ಕಂಡುಬಂದವರಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಅವರಲ್ಲಿ ಸಿರೋಸಿಸ್ (ಲಿವರ್ ಗಾಯಗೊಂಡು ಗಡುಸಾಗುವ ರೋಗ) ಇರುವವರು, ಮನೆಯಲ್ಲಿ ಲಿವರ್ ಕ್ಯಾನ್ಸರ್ ಕಂಡವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಲಿವರ್ ಕ್ಯಾನ್ಸರಿನ ಸುಳಿವು ನೀಡುವ ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಎರಡು ಸೆಂಟಿಮೀಟರಿನಲ್ಲಿ ಸಿಕ್ಕಿದ ಗಡ್ಡೆಯನ್ನು ಕೊಯ್ದು ತೆಗೆಯಲು ಅಥವಾ ಸೂಜಿಯ ಶಾಖದಿಂದ ಸುಟ್ಟುಬಿಡಲು ಸಾಧ್ಯವಿರುತ್ತದೆ.