ಸಂಪಾದಕರ ಉತ್ತರ: ಹೆರಿಗೆ ಕೋಣೆಯ ರಕ್ತದ ಲೆಕ್ಕ

ಮಾನ್ಯರೇ,

ತಮ್ಮ ಊರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದು ಮನವಿ ಸಿದ್ಧಪಡಿಸುತ್ತಿರುವುದಾಗಿಯೂ, ಆಸ್ಪತ್ರೆಯೇ ಇಲ್ಲದವರ ಮುಂದೆ ನಮ್ಮ ಪತ್ರಿಕೆ ಚಿಕಿತ್ಸೆಯ ಗುಣಮಟ್ಟದ ಮಾತೆತ್ತುವುದು ಉಳ್ಳವರ ಚಿಂತೆಯೆಂದೂ ತಾವು ಬರೆದಿದ್ದೀರಿ. ಮೊದಲು ಆಸ್ಪತ್ರೆ ಬರಲಿ, ಗುಣಮಟ್ಟ ಆಮೇಲೆ ಎಂಬುದು ತಮ್ಮ ವಾದ. ಆ ಸಂಕಟ ನನಗೆ ಅರ್ಥವಾಗುತ್ತದೆ. 'ಆಮೇಲೆ' ಎಂಬುದನ್ನು ಮಾತ್ರ ಒಪ್ಪಲಾರೆ.

ಆಸ್ಪತ್ರೆಯಲ್ಲಿ ಹೆರುವ ಬಡ ತಾಯಂದಿರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ 2005ರಲ್ಲಿ ಆರಂಭವಾದಾಗ ದೇಶದಲ್ಲಿ ನೂರಕ್ಕೆ ಸುಮಾರು 39 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಾಗುತ್ತಿದ್ದವು. ಹತ್ತು ವರ್ಷಗಳಲ್ಲಿ ಅದು 79ಕ್ಕೆ ಏರಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿರುಗಿ ಗರ್ಭಿಣಿಯರನ್ನು ಕರೆತಂದದ್ದನ್ನು ಯಾರೂ ಸಣ್ಣದೆನ್ನಬಾರದು. ಆದರೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2018ರಲ್ಲಿ ಕೊಟ್ಟ ಅಂದಾಜನ್ನೂ ತಾವು ಗಮನಿಸಬೇಕು. ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ 86 ಲಕ್ಷ ವಾರ್ಷಿಕ ಸಾವುಗಳಲ್ಲಿ 36 ಲಕ್ಷ ಚಿಕಿತ್ಸೆ ಪಡೆಯದವರವಾದರೆ, ಉಳಿದ 50 ಲಕ್ಷ ಚಿಕಿತ್ಸೆಗೆಂದು ಬಂದೂ ಅದು ಸರಿಯಾಗಿ ಸಿಗದವರವು.

ಗುಣಮಟ್ಟವೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ ನೋಡಿ. ಹೆರಿಗೆಯಾದೊಡನೆ ಬಾಣಂತಿಯ ಮೈಯಿಂದ ಹರಿಯುವ ರಕ್ತ ಬಟ್ಟೆ, ಹತ್ತಿ, ನೆಲಕ್ಕೆಲ್ಲ ಹರಡುತ್ತದೆ. ಅರ್ಧ ಲೀಟರು ದಾಟಿದರೆ ಅಪಾಯ. ದಾಟಿತೇ ಎಂಬುದನ್ನು ನರ್ಸ್ ಕಣ್ಣಳತೆಯಲ್ಲೇ ನಿರ್ಧರಿಸಬೇಕು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ, ಬಾಣಂತಿಯ ಸೊಂಟದಡಿ ಹಾಸುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಅದರ ತುದಿ ಚೀಲದಂತೆ ಕೆಳಗಿಳಿದಿರುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿರುತ್ತವೆ. ಕಣ್ಣಳತೆ ನಿಜಕ್ಕಿಂತ ಮೂರನೇ ಒಂದರಷ್ಟು ಕಡಿಮೆ ಹೇಳುತ್ತಿತ್ತೆಂದು ಅದರಿಂದ ಗೊತ್ತಾಯಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳು ಅಂಥದೇ ಹಾಳೆಯಲ್ಲಿ ರಕ್ತವನ್ನು ಅಳೆದು, ಗರ್ಭಕೋಶ ನೀವುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ಇವನ್ನು ಒಂದರ ಫಲಕ್ಕಾಗಿ ಇನ್ನೊಂದನ್ನು ತಡೆಹಿಡಿಯದೆ ಒಟ್ಟಿಗೇ ಆರಂಭಿಸಿದವು. ತೀವ್ರ ರಕ್ತಸ್ರಾವ ಶೇ 60ರಷ್ಟು ಇಳಿಯಿತು. ಇದರಲ್ಲಿ ಉಳ್ಳವರ ಆಸ್ಪತ್ರೆಗೆ ಮಾತ್ರ ಎಟಕುವಂಥದ್ದು ಯಾವುದಿದೆ?

ಮಾಡಬೇಕಾದ ಕೆಲಸಗಳನ್ನು ಕೇವಲ ಪಟ್ಟಿ ಮಾಡಿಕೊಟ್ಟರೆ ಎಲ್ಲವೂ ಸರಿಹೋಗುತ್ತದೆಂದೂ ನಾನು ಹೇಳುತ್ತಿಲ್ಲ. ಉತ್ತರಪ್ರದೇಶದ 120 ಕೇಂದ್ರಗಳಲ್ಲಿ ಹೆರಿಗೆಯ ತಪಾಸಣಾ ಪಟ್ಟಿಯನ್ನು ತರಬೇತಿಯೊಂದಿಗೆ ಪರೀಕ್ಷಿಸಿದಾಗ ಸಿಬ್ಬಂದಿಯ ಕೆಲಸ ಸುಧಾರಿಸಿತು, ಸಾವುಗಳು ಇಳಿಯಲಿಲ್ಲ. 2017ರಲ್ಲಿ ಬಂದ ಆ ಫಲಿತಾಂಶ ನನ್ನನ್ನು ಇಂದಿಗೂ ಕಾಡುತ್ತದೆ.

ತಮ್ಮ ಮನವಿಗೆ ನಾನೂ ಸಹಿ ಹಾಕುತ್ತೇನೆ. ಕಟ್ಟಡದ ಜೊತೆಗೆ ರಾತ್ರಿ ಪಾಳಿಗೆ ನರ್ಸ್, ಆಕ್ಸಿಟೋಸಿನ್ ಕೆಡದಂತೆ ಕರೆಂಟು ಹೋದರೂ ತಣ್ಣಗಿರುವ ಫ್ರಿಜ್, ದೊಡ್ಡಾಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಮತ್ತು ಗೆರೆಯಿರುವ ಆ ಹಾಳೆ, ಇಷ್ಟನ್ನೂ ಅದೇ ಮನವಿಯಲ್ಲಿ ಸೇರಿಸಿ ಕಳುಹಿಸಿಕೊಡಿ.

– ಸಂಪಾದಕ